ವೆಂಟಿಲೇಟರಿಗೆಂದು ಕೂಡಿಸಿದ ಹಣ: ಮಕ್ಕಳ ಆಸ್ಪತ್ರೆಯವರೇ ಯಂತ್ರ ಬೇಡವೆಂದರೆ ಏನು ಮಾಡುವುದು?

ಪ್ರಶ್ನೆ: ಸಂಚಾಲಕಿ

ನಾವು ನಲವತ್ತು ಮನೆಗಳವರು ಸೇರಿ ಎಂಟು ತಿಂಗಳಿಂದ ಒಂದು ಮಕ್ಕಳ ಆಸ್ಪತ್ರೆಗಾಗಿ ದೇಣಿಗೆ ಕೂಡಿಸುತ್ತಿದ್ದೇವೆ. ಹಳೆಯ ಪುಸ್ತಕಗಳನ್ನು ಮಾರಿದೆವು, ಮಕ್ಕಳು ಬರೆದ ಚಿತ್ರಗಳನ್ನು ಹರಾಜಿಗಿಟ್ಟೆವು, ಒಂದು ಭಾನುವಾರ ಬೆಳಗ್ಗೆ ಐದು ಕಿಲೋಮೀಟರ್ ಓಟವನ್ನೂ ಏರ್ಪಡಿಸಿದೆವು. ಹಂಚಿದ ಕರಪತ್ರಗಳಲ್ಲೆಲ್ಲ ‘ನವಜಾತ ಶಿಶುಗಳಿಗೊಂದು ವೆಂಟಿಲೇಟರ್’ ಎಂದೇ ಅಚ್ಚು ಹಾಕಿಸಿದ್ದೆವು, ಏಕೆಂದರೆ ಆ ಒಂದು ಮಾತಿಗೆ ಜನ ಕೂಡಲೇ ಓಗೊಡುತ್ತಿದ್ದರು.

ಗುರಿಯ ಮುಕ್ಕಾಲು ಭಾಗ ಕೈಸೇರಿದ ಮೇಲೆ, ಯಾವ ಮಾದರಿಯ ಯಂತ್ರ ಕೊಳ್ಳಬೇಕೆಂದು ಕೇಳಲು ನಾವು ಮೂವರು ಆಸ್ಪತ್ರೆಗೆ ಹೋದೆವು. ಅಲ್ಲಿಯ ಹಿರಿಯ ವೈದ್ಯರು ನಮ್ಮನ್ನು ಕೂರಿಸಿಕೊಂಡು, ಬಹಳ ವಿನಯದಿಂದಲೇ, ತಮ್ಮಲ್ಲಿ ಈಗಿರುವ ವೆಂಟಿಲೇಟರುಗಳನ್ನೇ ಪೂರ್ತಿಯಾಗಿ ನಡೆಸಲು ದಾದಿಯರಿಲ್ಲವೆಂದೂ, ಹೊಸದೊಂದು ಬಂದರೆ ಅದನ್ನು ಇಡಲು ಜಾಗ ಹುಡುಕಬೇಕಾಗುತ್ತದೆಂದೂ ಹೇಳಿದರು. ಅವರು ಕೇಳಿದ್ದು ಬೇರೆಯೇ ಆಗಿತ್ತು. ಅವಧಿಗೆ ಮುನ್ನ ಹುಟ್ಟಿದ ಕೂಸನ್ನು ತಾಯಂದಿರು ಎದೆಗೆ ಅಪ್ಪಿಕೊಂಡು ಗಂಟೆಗಟ್ಟಲೆ ಒರಗಿ ಕೂರಬಲ್ಲ ಕುರ್ಚಿಗಳು, ವೆಂಟಿಲೇಟರಿಗೆ ಜೋಡಿಸುವ ಕೊಳವೆಗಳು ಮತ್ತು ಫಿಲ್ಟರುಗಳು, ಸಾಧ್ಯವಾದರೆ ಇಬ್ಬರು ದಾದಿಯರ ಒಂದು ವರ್ಷದ ಸಂಬಳ.

ಈ ಸುದ್ದಿಯನ್ನು ಸಮಿತಿಯ ಸಭೆಗೆ ತಂದಾಗ ದೊಡ್ಡ ವಾದವೇ ಆಯಿತು. ದಾನಕ್ಕೆ ಬಂದ ದನದ ಹಲ್ಲು ಎಣಿಸಬಾರದೆಂಬ ಗಾದೆಯನ್ನು ಆಸ್ಪತ್ರೆಯವರಿಗೆ ಯಾರಾದರೂ ಹೇಳಬೇಕಿತ್ತು ಎಂದು ಒಬ್ಬ ಹಿರಿಯರು ಸಿಟ್ಟಾದರು. ಕುರ್ಚಿ ಕೊಡಿಸುವುದಕ್ಕೆ ಇಷ್ಟೊಂದು ಓಡಾಡಬೇಕಿತ್ತೇ ಎಂದು ಇನ್ನೊಬ್ಬರು ಕೇಳಿದರು. ನನ್ನ ಸಂಕಟ ಬೇರೆ. ವೆಂಟಿಲೇಟರ್ ಎಂದು ನಂಬಿ ಕೊಟ್ಟವರ ಹಣದಲ್ಲಿ ಕುರ್ಚಿ ಕೊಂಡರೆ ಅದು ವಚನಭಂಗವಾಗುವುದಿಲ್ಲವೇ? ದಾನಿಗಳಿಗೆ ಇದನ್ನು ಹೇಗೆ ತಿಳಿಸಬೇಕು? ಆಸ್ಪತ್ರೆಯವರ ಮಾತು ನಿಜವಾಗಿಯೂ ಸರಿಯೇ, ಅಥವಾ ನಾವು ಯಂತ್ರವನ್ನೇ ಕೊಡುತ್ತೇವೆಂದು ಪಟ್ಟು ಹಿಡಿಯಬೇಕೇ? ಇಂಥ ಕೆಲಸದಲ್ಲಿ ಪಳಗಿದವರು ದಯವಿಟ್ಟು ತಿಳಿಸಿ.

ಉತ್ತರ 1: ಶಿಶು ವಿಭಾಗದ ದಾದಿ

ಸಂಚಾಲಕಿಯವರಿಗೆ ನಮಸ್ಕಾರ. ನಾನು ಹದಿನಾರು ವರ್ಷಗಳಿಂದ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ಕೆಲಸ ಮಾಡುತ್ತಿದ್ದೇನೆ. ಆ ವೈದ್ಯರು ನಿಮಗೆ ನಿಜವನ್ನೇ ಹೇಳಿದ್ದಾರೆ. ಅಷ್ಟೇ ಅಲ್ಲ, ಅದನ್ನು ಹೇಳಲು ಅವರು ಧೈರ್ಯ ಮಾಡಿದ್ದಾರೆ ಎಂದೇ ನನಗನ್ನಿಸುತ್ತದೆ. ಹೆಚ್ಚಿನ ಕಡೆ ನಗುನಗುತ್ತಾ ಯಂತ್ರ ಪಡೆದು, ಫೋಟೋ ತೆಗೆಸಿಕೊಂಡು, ಆಮೇಲೆ ಅದನ್ನು ಉಗ್ರಾಣಕ್ಕೆ ತಳ್ಳುತ್ತಾರೆ. ನಾನು ಹಿಂದೆ ಕೆಲಸ ಮಾಡಿದ ಒಂದು ಆಸ್ಪತ್ರೆಯ ಪಡಸಾಲೆಯ ಮೂಲೆಯಲ್ಲಿ ಹಳೆಯ ಹಾಸಿಗೆ ಹೊದಿಕೆ ಮುಚ್ಚಿದ ವೆಂಟಿಲೇಟರೊಂದು ಮೂರು ವರ್ಷ ನಿಂತಿತ್ತು. ದಾನಿಗಳ ಹೆಸರಿನ ಹಿತ್ತಾಳೆ ಫಲಕವನ್ನು ಮಾತ್ರ ಯಾರೋ ಒರೆಸಿ ಹೊಳಪಾಗಿ ಇಟ್ಟಿದ್ದರು. ಯಂತ್ರದೊಳಗಿನ ಗಾಳಿಯ ಹರಿವನ್ನು ಅಳೆಯುವ ಸೆನ್ಸರ್ ಕೆಟ್ಟಿತ್ತು, ಆ ಬಿಡಿಭಾಗವನ್ನು ಪೂರೈಸುವವರು ಯಾರೂ ಸಿಕ್ಕಿರಲಿಲ್ಲ.

ಒಂದು ಕಿಲೋ ತೂಕದ ಕೂಸು ಒಂದು ಉಸಿರಿಗೆ ಎಳೆದುಕೊಳ್ಳುವ ಗಾಳಿ ಸುಮಾರು ಐದು ಮಿಲಿಲೀಟರ್, ಅಂದರೆ ಒಂದು ಟೀ ಚಮಚ ತುಂಬುವಷ್ಟು. ದೊಡ್ಡವರ ಒಂದು ಉಸಿರು ಅದರ ಎಂಬತ್ತು, ನೂರು ಪಟ್ಟು. ಆದ್ದರಿಂದ ಅಂಗಡಿಯಲ್ಲಿ ಸಿಗುವ ಯಾವುದೋ ಒಂದು ವೆಂಟಿಲೇಟರ್ ತಂದು ನವಜಾತ ಶಿಶುವಿಗೆ ಹಚ್ಚಲು ಬರುವುದಿಲ್ಲ. ಆ ಚಮಚದಷ್ಟು ಗಾಳಿಯನ್ನು ಹೆಚ್ಚುಕಡಿಮೆಯಾಗದಂತೆ ಅಳೆದು ಕೊಡುವ ಯಂತ್ರವೇ ಬೇಕು, ಆ ಗಾಳಿಯನ್ನು ಬೆಚ್ಚಗೂ ತೇವವಾಗಿಯೂ ಮಾಡುವ ಸಾಧನ ಬೇಕು, ಗೋಡೆಯಿಂದ ಆಮ್ಲಜನಕ ಮತ್ತು ಒತ್ತಡದ ಗಾಳಿ ಎರಡೂ ಬರಬೇಕು, ಪ್ರತಿ ಕೂಸಿಗೂ ಹೊಸ ಕೊಳವೆಗಳ ಜೋಡಣೆ ಬೇಕು. ಯಂತ್ರ ಕೊಳ್ಳುವ ಖರ್ಚು ಒಮ್ಮೆ ಮುಗಿದುಹೋಗುತ್ತದೆ, ಈ ಉಳಿದ ಖರ್ಚು ಆ ಯಂತ್ರ ಇರುವಷ್ಟು ಕಾಲವೂ ನಡೆಯುತ್ತಲೇ ಇರುತ್ತದೆ.

ಇನ್ನು ದಾದಿಯರ ವಿಷಯ. ವೆಂಟಿಲೇಟರಿನ ಮೇಲಿರುವ ಒಂದು ಕೂಸಿಗೆ ಒಬ್ಬ ದಾದಿ ಎನ್ನುವುದು ತೀವ್ರ ನಿಗಾ ಘಟಕಗಳು ಇಟ್ಟುಕೊಳ್ಳಬೇಕಾದ ಪ್ರಮಾಣ. ದಿನಕ್ಕೆ ಮೂರು ಪಾಳಿಯಾದರೆ ವಾರಕ್ಕೆ 21 ಪಾಳಿಗಳಾಯಿತು. ಒಬ್ಬ ದಾದಿ ವಾರಕ್ಕೆ ಐದು ಪಾಳಿ ಮಾಡುತ್ತಾಳೆಂದು ಹಿಡಿದರೂ, ರಜೆ, ಕಾಯಿಲೆಗಳ ಲೆಕ್ಕ ಬಿಟ್ಟು, ಒಂದೇ ಒಂದು ಹಾಸಿಗೆಗೆ ನಾಲ್ಕಕ್ಕಿಂತ ಹೆಚ್ಚು ದಾದಿಯರು ಬೇಕಾಗುತ್ತಾರೆ. ನಮ್ಮಲ್ಲಿ ಎಷ್ಟೋ ರಾತ್ರಿ ಒಬ್ಬಳೇ ಮೂರು ಕೂಸುಗಳನ್ನು ನೋಡಿಕೊಂಡದ್ದಿದೆ. ಒಂದು ಯಂತ್ರದ ಎಚ್ಚರಿಕೆಯ ಸದ್ದು ಆರಿಸುವಷ್ಟರಲ್ಲಿ ಇನ್ನೊಂದು ಕೂಗುತ್ತದೆ. ಅಂಥ ಕಡೆ ನಾಲ್ಕನೆಯ ಯಂತ್ರವನ್ನು ತಂದಿಟ್ಟರೆ ಅದು ಉಪಕಾರವಲ್ಲ.

ಕುರ್ಚಿ ಎಂದು ಕೇಳಿ ನಿಮ್ಮ ಸಮಿತಿಯವರಿಗೆ ನಿರಾಸೆಯಾಗಿರಬಹುದು. ಆದರೆ ಆ ಕುರ್ಚಿಯ ಹಿಂದೆ ದೊಡ್ಡ ಕತೆಯಿದೆ. ಕೂಸನ್ನು ತಾಯಿಯ ಬರಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಡುವ ‘ಕಾಂಗರೂ ಆರೈಕೆ’ ಶುರುವಾದದ್ದು 1978ರಲ್ಲಿ ಕೊಲಂಬಿಯಾದ ಬೊಗೊಟಾ ನಗರದ ಆಸ್ಪತ್ರೆಯೊಂದರಲ್ಲಿ. ಕೂಸುಗಳನ್ನು ಬೆಚ್ಚಗಿಡುವ ಪೆಟ್ಟಿಗೆಗಳು ಸಾಲದೆ, ಒಂದರಲ್ಲೇ ಎರಡು ಮೂರು ಕೂಸುಗಳನ್ನು ಮಲಗಿಸಿ ಸೋಂಕು ಹರಡುತ್ತಿದ್ದ ಕಾಲವದು. ಎಡ್ಗರ್ ರೇ ಎಂಬ ವೈದ್ಯರು ತಾಯಿಯ ಮೈಯನ್ನೇ ಬೆಚ್ಚಗಿನ ಪೆಟ್ಟಿಗೆಯನ್ನಾಗಿ ಬಳಸಿದರು. ಆಮೇಲೆ ಘಾನಾ, ಭಾರತ, ಮಲಾವಿ, ನೈಜೀರಿಯಾ, ಟಾಂಜಾನಿಯಾಗಳ ಐದು ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕೂಸಿನ ಸ್ಥಿತಿ ಸುಧಾರಿಸುವವರೆಗೆ ಕಾಯದೆ ಹುಟ್ಟಿದೊಡನೆ ಈ ಆರೈಕೆ ಆರಂಭಿಸಿದರೆ ಮೊದಲ 28 ದಿನಗಳ ಸಾವು ನೂರಕ್ಕೆ 15.7ರಿಂದ 12ಕ್ಕೆ ಇಳಿಯುತ್ತದೆಂದು ತೋರಿಸಿತು. ಲಾಭ ಎಷ್ಟು ಸ್ಪಷ್ಟವಾಗಿತ್ತೆಂದರೆ ಅಧ್ಯಯನವನ್ನು ಅವಧಿಗೆ ಮುನ್ನವೇ ನಿಲ್ಲಿಸಿದರು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನೇ ಶಿಫಾರಸು ಮಾಡಿತು.

ಆದರೆ ತಾಯಿ ದಿನಕ್ಕೆ ಎಂಟು, ಹತ್ತು ಗಂಟೆ ಹಾಗೆ ಕೂರುವುದಾದರೂ ಎಲ್ಲಿ? ಹೆರಿಗೆಯಾಗಿ ಎರಡು ದಿನವಾದ, ಹೊಟ್ಟೆಯಲ್ಲಿ ಹೊಲಿಗೆಯಿರುವ ಹೆಂಗಸು ಬೆನ್ನು ಒರಗಿಸಲು ಜಾಗವಿಲ್ಲದ ಕಬ್ಬಿಣದ ಸ್ಟೂಲಿನ ಮೇಲೆ ಅರ್ಧ ಗಂಟೆ ಕುಳಿತು, ಮುಖ ಕಿವುಚಿಕೊಂಡು, ‘ಸಿಸ್ಟರ್, ಇನ್ನು ಆಗುವುದಿಲ್ಲ, ಇಸಕೊಳ್ಳಿ’ ಎಂದು ಕೂಸನ್ನು ನನ್ನ ಕೈಗೆ ಕೊಡುವುದನ್ನು ನಾನು ನೂರಾರು ಸಲ ನೋಡಿದ್ದೇನೆ.

ಉತ್ತರ 2: ಹಳೆಯ ಖಜಾಂಚಿ

ದಾದಿಯವರು ಹೇಳಿದ್ದಕ್ಕೆ ಆಸ್ಪತ್ರೆಯ ಕಡೆಯಿಂದ ಸೇರಿಸುವಂಥದ್ದೇನೂ ಉಳಿದಿಲ್ಲ. ನಾನು ಹಣದ ಕಡೆಯಿಂದ ಹೇಳುತ್ತೇನೆ. ಸಹಾಯಾರ್ಥ ಸಂಸ್ಥೆಯೊಂದರ ಲೆಕ್ಕವನ್ನು ಇಪ್ಪತ್ತೆರಡು ವರ್ಷ ಬರೆದವನು ನಾನು. ಈ ಅವಧಿಯಲ್ಲಿ ನನ್ನ ನಿದ್ದೆ ಕೆಡಿಸಿದ್ದು ಕಳುವಾದ ಹಣವಲ್ಲ, ಒಳ್ಳೆಯ ಮನಸ್ಸಿನಿಂದ ಒಂದು ಕೆಲಸಕ್ಕೆ ಎತ್ತಿ ಇನ್ನೊಂದಕ್ಕೆ ಬಳಸಿದ ಹಣ.

ನಿಮ್ಮ ಕೈಲಿರುವುದು ಉದ್ದೇಶಬದ್ಧ ದೇಣಿಗೆ. ಕರಪತ್ರದಲ್ಲಿ ವೆಂಟಿಲೇಟರ್ ಎಂದು ಬರೆದ ಕ್ಷಣದಿಂದ ಆ ಹಣಕ್ಕೆ ಒಂದು ಕಟ್ಟು ಬಿದ್ದಿದೆ. ಕುರ್ಚಿ ಎಷ್ಟೇ ಉತ್ತಮವಾಗಿರಲಿ, ಕೊಟ್ಟವರನ್ನು ಕೇಳದೆ ಆ ಕಟ್ಟನ್ನು ನೀವಾಗಿಯೇ ಬಿಚ್ಚುವ ಹಾಗಿಲ್ಲ. ದತ್ತಿಗಳ ಕಾನೂನಿನಲ್ಲಿ ಇದಕ್ಕೆ ಬಹಳ ಹಳೆಯ ಪರಿಹಾರವೊಂದಿದೆ. ಮೂಲ ಉದ್ದೇಶ ನಡೆಯದೆ ಹೋದಾಗ ಅದಕ್ಕೆ ಅತ್ಯಂತ ಸಮೀಪವಾದ ಉದ್ದೇಶಕ್ಕೆ ಹಣವನ್ನು ತಿರುಗಿಸುವುದು. ಇಂಗ್ಲಿಷ್ ನ್ಯಾಯಾಲಯಗಳು ಇದನ್ನು ಇಂದಿಗೂ ‘ಸೈ ಪ್ರೆ’ ಎಂಬ ಹಳೆಯ ಫ್ರೆಂಚ್ ಹೆಸರಿನಿಂದಲೇ ಕರೆಯುತ್ತವೆ. ನಿಮ್ಮಂಥ ಸಣ್ಣ ಗುಂಪು ನ್ಯಾಯಾಲಯದವರೆಗೆ ಹೋಗುವ ಅಗತ್ಯ ಬೀಳಲಿಕ್ಕಿಲ್ಲ. ದಾನಿಗಳ ಹೆಸರು, ವಿಳಾಸ ನಿಮ್ಮಲ್ಲಿದ್ದರೆ ಒಂದು ಪತ್ರ ಸಾಕು.

ಆ ಪತ್ರದಲ್ಲಿ ತಪ್ಪನ್ನು ಮುಚ್ಚಿಡಬೇಡಿ. ‘ಆಸ್ಪತ್ರೆಯನ್ನು ಮೊದಲು ಕೇಳದೆ ನಾವು ವೆಂಟಿಲೇಟರ್ ಎಂದು ಘೋಷಿಸಿದೆವು, ಈಗ ಅಲ್ಲಿ ಬೇಕಾಗಿರುವುದು ಬೇರೆಯೆಂದು ತಿಳಿದಿದೆ’ ಎಂದು ನೇರವಾಗಿ ಬರೆಯಿರಿ. ಆಸ್ಪತ್ರೆಯಿಂದ ಲಿಖಿತ ಬೇಡಿಕೆಯ ಪಟ್ಟಿಯನ್ನು ಪಡೆದು ಜೊತೆಗೆ ಲಗತ್ತಿಸಿ. ಒಪ್ಪದವರು ಇಂತಿಷ್ಟು ದಿನದೊಳಗೆ ತಿಳಿಸಿದರೆ ಹಣವನ್ನು ಹಿಂದಿರುಗಿಸುತ್ತೇವೆಂದು ಹೇಳಿ, ಹಾಗೆಯೇ ಹಿಂದಿರುಗಿಸಿ. ಕೇಳುವವರು ಕಡಿಮೆಯಿರುತ್ತಾರೆ, ಆದರೆ ಕೇಳಿದವರಿಗೆ ಮರುಮಾತಿಲ್ಲದೆ ಕೊಡಬೇಕು. ಕಾಣಿಕೆ ಡಬ್ಬಿಗೆ ಬಿದ್ದ ಚಿಲ್ಲರೆಯ ವಿಷಯದಲ್ಲಿ ಯಾರನ್ನು ಕೇಳುವುದು? ಡಬ್ಬಿ ಇಟ್ಟಿದ್ದ ಜಾಗಗಳಲ್ಲೇ ಬದಲಾದ ಉದ್ದೇಶವನ್ನು ಬರೆದು ಹಾಕಿ, ಸಭೆಯ ನಡಾವಳಿಯಲ್ಲಿ ದಾಖಲಿಸಿ.

ದಾದಿಯರ ಸಂಬಳದ ವಿಷಯದಲ್ಲಿ ಮಾತ್ರ ನಾನು ಧೈರ್ಯವಾಗಿ ಹೂಂ ಎನ್ನಲಾರೆ. ಒಮ್ಮೆ ಕೂಡಿದ ಹಣದಿಂದ ಇಬ್ಬರನ್ನು ಒಂದು ವರ್ಷಕ್ಕೆ ನೇಮಿಸಬಹುದು, ಹದಿಮೂರನೆಯ ತಿಂಗಳು ಅವರ ಗತಿಯೇನು? ನಮ್ಮ ಸಂಸ್ಥೆಯವರು ಒಮ್ಮೆ ಹೀಗೆ ಒಬ್ಬ ಫಿಸಿಯೋಥೆರಪಿಸ್ಟರ ಸಂಬಳ ಕೊಟ್ಟೆವು. ವರ್ಷ ಮುಗಿದು ಹಣ ನಿಂತಾಗ ಆಕೆಯೂ ಹೋದರು, ಆಕೆಯನ್ನು ನೆಚ್ಚಿಕೊಂಡು ವಾರವಾರ ಬರುತ್ತಿದ್ದ ಮಕ್ಕಳು ನಡುನೀರಿನಲ್ಲಿ ನಿಂತರು. ಎರಡನೆಯ ವರ್ಷದಿಂದ ಆ ಹುದ್ದೆಗಳನ್ನು ಆಸ್ಪತ್ರೆಯೇ ವಹಿಸಿಕೊಳ್ಳುತ್ತದೆಂಬ ಬರಹ ಸಿಗದ ಹೊರತು ಸಂಬಳಕ್ಕೆ ಕೈಹಾಕಬೇಡಿ. ಅಥವಾ ಒಮ್ಮೆಗೇ ದೊಡ್ಡ ಮೊತ್ತ ಎತ್ತುವುದನ್ನು ಬಿಟ್ಟು, ನೂರು ಜನರಿಂದ ತಿಂಗಳಿಗೆ ಸಣ್ಣ ಮೊತ್ತ ತಪ್ಪದೆ ಬರುವ ಹಾಗೆ ಮಾಡಿ. ಅದಕ್ಕೆ ಓಟವೂ ಹರಾಜೂ ಬೇಕಾಗುವುದಿಲ್ಲ, ಪತ್ರಿಕೆಯಲ್ಲಿ ಫೋಟೋವೂ ಬರುವುದಿಲ್ಲ, ಆದರೆ ಆಸ್ಪತ್ರೆಯವರು ಮುಂದಿನ ವರ್ಷದ ಲೆಕ್ಕ ಹಾಕಿಕೊಳ್ಳುವುದು ಅಂಥ ಹಣವನ್ನು ನಂಬಿಯೇ.

ಉಳಿದ ಶಿಸ್ತುಗಳು ನಿಮಗೆ ಗೊತ್ತಿರಬಹುದು. ಹಣ ಯಾರೊಬ್ಬರ ಸ್ವಂತ ಖಾತೆಯಲ್ಲೂ ಇರಬಾರದು, ತೆಗೆಯಲು ಇಬ್ಬರ ಸಹಿ ಬೇಕು, ಡಬ್ಬಿಯನ್ನು ಒಡೆದು ಎಣಿಸುವಾಗ ಇಬ್ಬರಿರಬೇಕು, ರಸೀದಿಗಳಿಗೆ ಕ್ರಮಸಂಖ್ಯೆ ಇರಬೇಕು. ಓಟ ನಡೆಸಿದ ಖರ್ಚನ್ನು ಕಳೆದು ಉಳಿದದ್ದನ್ನಷ್ಟೇ ತೋರಿಸುವ ಚಾಳಿ ಕೆಲವರಿಗಿದೆ, ಅದು ಬೇಡ. ಬಂದದ್ದು ಎಷ್ಟು, ಖರ್ಚಾದದ್ದು ಎಷ್ಟು, ಎರಡನ್ನೂ ತೋರಿಸಿ. ಮುಂದಿನ ಕರಪತ್ರದಲ್ಲಿ ಒಂದು ಸಾಲು ಸೇರಿಸಲು ಮರೆಯಬೇಡಿ: ‘ಈ ಉದ್ದೇಶಕ್ಕೆ ಬೇಕಾದುದಕ್ಕಿಂತ ಹೆಚ್ಚು ಹಣ ಬಂದರೆ, ಅಥವಾ ಈ ಉದ್ದೇಶ ನಡೆಯದಿದ್ದರೆ, ಆಸ್ಪತ್ರೆಯು ಲಿಖಿತವಾಗಿ ತಿಳಿಸುವ ಇತರ ಅಗತ್ಯಕ್ಕೆ ಬಳಸಲಾಗುವುದು.’ ಈ ಸಾಲು ಮೊದಲೇ ಇದ್ದಿದ್ದರೆ ನೀವು ಇಂದು ಈ ಪ್ರಶ್ನೆ ಕೇಳಬೇಕಾಗುತ್ತಿರಲಿಲ್ಲ.

ಉತ್ತರ 3: ಇತಿಹಾಸದ ವಿದ್ಯಾರ್ಥಿ

ನಿಮ್ಮ ಸಮಿತಿಯ ಹಿರಿಯರ ಸಿಟ್ಟು ತಣಿಸಲು ಒಂದೆರಡು ಹಳೆಯ ಸಂಗತಿಗಳು ನೆರವಾಗಬಹುದು. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆ 1852ರ ಫೆಬ್ರವರಿಯಲ್ಲಿ ಹತ್ತೇ ಹಾಸಿಗೆಗಳೊಂದಿಗೆ ಬಾಗಿಲು ತೆರೆಯಿತು. ಆರು ವರ್ಷಗಳಲ್ಲಿ ಕೈ ಬರಿದಾದಾಗ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಔತಣಕೂಟವೊಂದರಲ್ಲಿ ಅದರ ಪರವಾಗಿ ಮಾತನಾಡಿದರು, ಬಳಿಕ ತಮ್ಮ ಕೃತಿಯ ಸಾರ್ವಜನಿಕ ವಾಚನವನ್ನೂ ನಡೆಸಿದರು. ಹೀಗೆ ಬಂದ ಹಣದಿಂದ ಪಕ್ಕದ ಕಟ್ಟಡವನ್ನು ಕೊಳ್ಳಲಾಯಿತು. ಅವರು ಬೇಡಿದ್ದು ಆಸ್ಪತ್ರೆಗೆ, ಯಾವುದೋ ಒಂದು ಸಾಮಾನಿಗಲ್ಲ. ಯಾವುದಕ್ಕೆ ಖರ್ಚು ಮಾಡಬೇಕೆಂಬ ತೀರ್ಮಾನ ಆಸ್ಪತ್ರೆಯವರಲ್ಲೇ ಉಳಿಯಿತು.

ಅದೇ ಆಸ್ಪತ್ರೆಯವರು 1929ರಲ್ಲಿ ಜಾಗ ಕೊಳ್ಳುವ ಸಮಿತಿಗೆ ಬನ್ನಿರೆಂದು ಲೇಖಕ ಜೆ. ಎಂ. ಬ್ಯಾರಿಯವರನ್ನು ಕರೆದರು. ಅವರು ಸಮಿತಿಯಲ್ಲಿ ಕೂರಲು ಒಪ್ಪಲಿಲ್ಲ, ಆದರೆ ಸುಮಾರು ಎರಡು ತಿಂಗಳಲ್ಲಿ ಮಕ್ಕಳಿಗೆ ಅಚ್ಚುಮೆಚ್ಚಾದ ತಮ್ಮ ‘ಪೀಟರ್ ಪ್ಯಾನ್’ ಕೃತಿಯ ಹಕ್ಕುಗಳನ್ನೇ ಆಸ್ಪತ್ರೆಗೆ ಬರೆದುಕೊಟ್ಟರು. ಅದರಿಂದ ಎಷ್ಟು ಹಣ ಬರುತ್ತದೆಂಬುದನ್ನು ಬಹಿರಂಗಪಡಿಸಬಾರದೆಂಬ ಅವರ ಕೋರಿಕೆಯನ್ನು ಆಸ್ಪತ್ರೆ ಪಾಲಿಸಿಕೊಂಡು ಬಂದಿದೆ. ಲೇಖಕರು ತೀರಿಕೊಂಡು ಐವತ್ತು ವರ್ಷ ಕಳೆದು 1987ರ ಕೊನೆಗೆ ಹಕ್ಕಿನ ಅವಧಿ ಮುಗಿದಾಗ, ಬ್ರಿಟನ್ನಿನ ಸಂಸತ್ತು 1988ರ ಕಾಯ್ದೆಯಲ್ಲಿ ವಿಶೇಷ ಕಲಮೊಂದನ್ನು ಸೇರಿಸಿ, ಆ ದೇಶದಲ್ಲಿ ಆ ಕೃತಿಯಿಂದ ಬರುವ ಗೌರವಧನ ಕಾಲಮಿತಿಯಿಲ್ಲದೆ ಆಸ್ಪತ್ರೆಗೇ ಸಲ್ಲುವಂತೆ ಮಾಡಿತು. ಯಾವ ಯಂತ್ರವೂ ಅಷ್ಟು ಕಾಲ ಬಾಳಿಲ್ಲ ಎಂದು ನಿಮ್ಮ ಹಿರಿಯರಿಗೆ ತಿಳಿಸಿ.

ಸಮುದಾಯದ ದೇಣಿಗೆ ಎಂದಾಗ ನನಗೆ ಮೊದಲು ನೆನಪಾಗುವುದು ಮಾತ್ರ ಇವರಾರೂ ಅಲ್ಲ, ಎರಡನೆಯ ಮಹಾಯುದ್ಧ ಮುಗಿಸಿ ಮರಳುತ್ತಿದ್ದ ದಕ್ಷಿಣ ಆಫ್ರಿಕಾದ ಸೈನಿಕರು. ಯುದ್ಧದ ನೆನಪಿಗೆ ಕಲ್ಲಿನ ಸ್ತಂಭದ ಬದಲು ಬದುಕಿರುವ ಸ್ಮಾರಕವೊಂದಿರಲಿ ಎಂದು ತಮ್ಮ ಎರಡು ದಿನಗಳ ಸಂಬಳವನ್ನು ಬಿಟ್ಟುಕೊಟ್ಟರು. ಕೇಪ್ ಟೌನಿನ ರೆಡ್ ಕ್ರಾಸ್ ಯುದ್ಧಸ್ಮಾರಕ ಮಕ್ಕಳ ಆಸ್ಪತ್ರೆ 1956ರಲ್ಲಿ ತೆರೆಯಿತು. ಎರಡು ದಿನಗಳ ಸಂಬಳಕ್ಕೆ ಯಾರ ಹೆಸರಿನ ಫಲಕವನ್ನೂ ಹಾಕಲಾಗದು. ಕೈರೋದಲ್ಲಿ 2007ರಲ್ಲಿ ತೆರೆದ ಮಕ್ಕಳ ಕ್ಯಾನ್ಸರ್ ಆಸ್ಪತ್ರೆಯ ಹೆಸರೇ 57357. ಅದು ಜನರು ದೇಣಿಗೆ ಹಾಕುತ್ತಿದ್ದ ಬ್ಯಾಂಕ್ ಖಾತೆಯ ಸಂಖ್ಯೆ. ಮೆಲ್ಬರ್ನಿನ ರಾಯಲ್ ಮಕ್ಕಳ ಆಸ್ಪತ್ರೆಗಾಗಿ ಗುಡ್ ಫ್ರೈಡೇ ದಿನ ಹಣ ಎತ್ತುವ ಪದ್ಧತಿ 1931ರಲ್ಲಿ ಪತ್ರಕರ್ತರು ನಡೆಸಿದ ಕ್ರೀಡಾಕೂಟವೊಂದರಿಂದ ಆರಂಭವಾಗಿ ಇಂದಿಗೂ ನಡೆಯುತ್ತಿದೆ.

ಇನ್ನು ದನದ ಹಲ್ಲಿನ ಗಾದೆ. ವೈದ್ಯಕೀಯ ಸಾಮಗ್ರಿಗಳ ದಾನದ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಗಳು ಅದಕ್ಕೆ ಸರಿಯಾಗಿ ವಿರುದ್ಧವಾದುದನ್ನು ಹೇಳುತ್ತವೆ. ಪಡೆಯುವವರ ಇಚ್ಛೆಗೂ ಅಧಿಕಾರಕ್ಕೂ ಬೆಲೆ ಕೊಡಬೇಕು, ಕೊಡುವವರು ತಮಗೆ ಒಗ್ಗದ ಗುಣಮಟ್ಟದ್ದನ್ನು ಇನ್ನೊಬ್ಬರಿಗೆ ದಾನವಾಗಿ ದಾಟಿಸಬಾರದು. ಹಲ್ಲು ಎಣಿಸಿಯೇ ಪಡೆಯಬೇಕು.

ಉತ್ತರ 4: ಒಬ್ಬ ತಂದೆ

ನನ್ನ ಮಗಳು ಹುಟ್ಟಿದಾಗ 1,100 ಗ್ರಾಂ ಇದ್ದಳು. ನಲವತ್ತೊಂದು ದಿನ ಆಸ್ಪತ್ರೆಯಲ್ಲಿದ್ದೆವು. ಈಗ ಶಾಲೆಗೆ ಹೋಗುತ್ತಾಳೆ. ದಾದಿಯವರು ಹೇಳಿದ ಸ್ಟೂಲು ನನಗೆ ಚೆನ್ನಾಗಿ ಗೊತ್ತು, ಏಕೆಂದರೆ ಹೆಂಡತಿಗೆ ಜ್ವರ ಬಂದ ದಿನಗಳಲ್ಲಿ ಅದರ ಮೇಲೆ ಅಂಗಿ ಬಿಚ್ಚಿ ಕುಳಿತು ಮಗಳನ್ನು ಎದೆಗಿಟ್ಟುಕೊಂಡವನು ನಾನೇ. ತಂದೆಯ ಎದೆಯೂ ಆಗುತ್ತದೆ ಎಂದು ಅಲ್ಲಿಯವರೆಗೆ ನನಗೆ ತಿಳಿದಿರಲಿಲ್ಲ. ಕುರ್ಚಿ ಕೊಳ್ಳುವಾಗ ಗಂಡಸರ ಅಳತೆಗೂ ಆಗುವಂಥದ್ದನ್ನು ನೋಡಿ.

ಎರಡು ಮಾತು ಸೇರಿಸಬೇಕಾಗಿದೆ. ಮೊದಲನೆಯದು, ಮಗುವಿನ ಚಿಕಿತ್ಸೆಗೆ ಹೇಗೋ ದಾರಿಯಾಗುತ್ತದೆ, ಅಪ್ಪ ಅಮ್ಮಂದಿರು ಎಲ್ಲಿ ಮಲಗಬೇಕು, ಎಲ್ಲಿ ಸ್ನಾನ ಮಾಡಬೇಕು, ಊರಿನಲ್ಲಿ ಬಿಟ್ಟುಬಂದ ಇನ್ನೊಂದು ಮಗುವನ್ನು ಯಾರು ನೋಡಬೇಕು ಎಂಬುದಕ್ಕೆ ಯಾರೂ ಹಣ ಎತ್ತುವುದಿಲ್ಲ. ಒಂದು ಕಾಲದಲ್ಲಿ ತಂದೆತಾಯಿಗಳನ್ನು ಒಳಗೇ ಬಿಡುತ್ತಿರಲಿಲ್ಲವಂತೆ. ಬ್ರಿಟನ್ನಿನಲ್ಲಿ 1959ರಲ್ಲಿ ಬಂದ ಪ್ಲಾಟ್ ವರದಿ, ತಂದೆತಾಯಿಗಳಿಗೆ ಹೊತ್ತಿನ ನಿರ್ಬಂಧವಿಲ್ಲದೆ ಮಗುವನ್ನು ನೋಡಲು ಅವಕಾಶವಿರಬೇಕು, ಎಳೆಯ ಮಕ್ಕಳ ಜೊತೆ ತಾಯಿ ಉಳಿಯುವಂತಿರಬೇಕು ಎಂದು ಹೇಳಬೇಕಾಯಿತು. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1974ರಲ್ಲಿ ಮೊದಲ ರೊನಾಲ್ಡ್ ಮೆಕ್‌ಡೊನಾಲ್ಡ್ ವಸತಿಗೃಹ ಶುರುವಾದದ್ದೂ ಹೀಗೆಯೇ. ಮಗಳ ರಕ್ತದ ಕ್ಯಾನ್ಸರಿಗಾಗಿ ಆಸ್ಪತ್ರೆಗೆ ಎಡತಾಕುತ್ತಿದ್ದ ಫುಟ್‌ಬಾಲ್ ಆಟಗಾರ ಫ್ರೆಡ್ ಹಿಲ್, ಇತರ ತಂದೆತಾಯಿಗಳು ಕಾಯುವ ಕೋಣೆಯ ಬೆಂಚುಗಳ ಮೇಲೆ ಮಲಗುವುದನ್ನು ಕಂಡಿದ್ದರು. ಅವರ ತಂಡದವರೂ ಆಡ್ರಿ ಎವನ್ಸ್ ಎಂಬ ವೈದ್ಯೆಯೂ ಸೇರಿ ಆಸ್ಪತ್ರೆಯ ಹತ್ತಿರದ ಒಂದು ಮನೆಯನ್ನು ಅದಕ್ಕಾಗಿ ಸಜ್ಜುಗೊಳಿಸಿದರು.

ಎರಡನೆಯದು ಹೇಳಲು ಸ್ವಲ್ಪ ಕಷ್ಟ. ನಾವು ಆಸ್ಪತ್ರೆಯಲ್ಲಿದ್ದಾಗ ಹಣ ಎತ್ತುವ ಗುಂಪೊಂದು ಬಂದು ಮಗಳ ಫೋಟೋ ತೆಗೆದುಕೊಂಡಿತು. ಆಗ ನಾನು ಯಾವ ಕಾಗದಕ್ಕೆ ಬೇಕಾದರೂ ಸಹಿ ಹಾಕುವ ಸ್ಥಿತಿಯಲ್ಲಿದ್ದೆ. ಮೂಗಿನಲ್ಲಿ ಕೊಳವೆಯಿದ್ದ ಆ ಚಿತ್ರ ಎರಡು ವರ್ಷಗಳ ಮೇಲೆ ಒಂದು ಬಸ್ ನಿಲ್ದಾಣದ ಗೋಡೆಯಲ್ಲಿ ನನಗೆ ಕಾಣಿಸಿತು, ಜೊತೆಗೆ ‘ಈ ಮಗು ಬದುಕುವುದು ನಿಮ್ಮ ಕೈಯಲ್ಲಿದೆ’ ಎಂಬ ಬರಹ. ಅವಳು ಆಗ ನನ್ನ ಹೆಗಲ ಮೇಲೆ ಕುಳಿತು ಬಿಸ್ಕತ್ತು ತಿನ್ನುತ್ತಿದ್ದಳು. ನೀವು ಕರಪತ್ರ ಅಚ್ಚು ಮಾಡಿಸುವಾಗ ಖಾಯಿಲೆಯ ಮಗುವಿನ ಮುಖ ಹಾಕಬೇಡಿ. ಹಾಕಲೇಬೇಕಿದ್ದರೆ ಮಗು ಮನೆಗೆ ಹೋಗಿ ಕೆಲವು ತಿಂಗಳಾದ ಮೇಲೆ, ತಂದೆತಾಯಿ ಬೇಡವೆನ್ನಲು ಸಾಧ್ಯವಿರುವ ಹೊತ್ತಿನಲ್ಲಿ ಕೇಳಿ, ಎಷ್ಟು ದಿನ ಬಳಸುತ್ತೀರೆಂದು ಬರೆದುಕೊಡಿ.

ಮರುಉತ್ತರ: ಸಂಚಾಲಕಿ

ಎಲ್ಲರಿಗೂ ವಂದನೆಗಳು. ನಾಲ್ಕು ತಿಂಗಳ ನಂತರ ಬರೆಯುತ್ತಿದ್ದೇನೆ, ನಡೆದದ್ದನ್ನು ತಿಳಿಸುವುದು ನ್ಯಾಯವೆನಿಸಿತು.

ಖಜಾಂಚಿಯವರು ಹೇಳಿದಂತೆ ತಪ್ಪೊಪ್ಪಿಕೊಂಡು ಪತ್ರ ಬರೆದೆವು. ಮೊದಲ ಸಾಲನ್ನೇ ಸಮಿತಿಯವರು ಮೂರು ಸಲ ತಿದ್ದಿ ಮೃದು ಮಾಡಲು ನೋಡಿದರು, ನಾನು ಬಿಡಲಿಲ್ಲ. 186 ದಾನಿಗಳಲ್ಲಿ ಏಳು ಮಂದಿ ಹಣ ವಾಪಸು ಕೇಳಿದರು, ಕೊಟ್ಟೆವು. ಅವರಲ್ಲಿ ಒಬ್ಬರು ದಾದಿಯವರ ಉತ್ತರದ ಪ್ರತಿಯನ್ನು ಓದಿದ ಮೇಲೆ ಮತ್ತೆ ಕಳುಹಿಸಿದರು, ಮೊದಲು ಕೊಟ್ಟದ್ದಕ್ಕಿಂತ ಸ್ವಲ್ಪ ಕಡಿಮೆ. ಸಿಟ್ಟಾಗಿದ್ದ ಹಿರಿಯರನ್ನು ವಾದದಿಂದ ಒಲಿಸಲಾಗಲಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋಗಿ, ವೈದ್ಯರ ಅನುಮತಿ ಪಡೆದು, ತಾಯಂದಿರಿಲ್ಲದ ಹೊತ್ತಿನಲ್ಲಿ ಆ ಸ್ಟೂಲಿನ ಮೇಲೆ ಹತ್ತು ನಿಮಿಷ ಕೂರಿಸಿದೆವು. ಅವರು ಏನೂ ಹೇಳಲಿಲ್ಲ, ಮುಂದಿನ ಸಭೆಯಲ್ಲಿ ಕುರ್ಚಿಯ ಪರವಾಗಿ ಕೈ ಎತ್ತಿದರು.

ಸಂಬಳದ ವಿಷಯದಲ್ಲಿ ಎರಡನೆಯ ವರ್ಷದ ಭರವಸೆಯನ್ನು ಲಿಖಿತವಾಗಿ ಕೊಡಲು ಆಸ್ಪತ್ರೆಯವರಿಗೆ ಆಗಲಿಲ್ಲ, ಆದ್ದರಿಂದ ಅದನ್ನು ಬಿಟ್ಟೆವು. ತಿಂಗಳ ವಂತಿಗೆಗೆ ಐವತ್ತೆಂಟು ಜನ ಒಪ್ಪಿದ್ದಾರೆ. ನೂರಾಗಲಿ, ಆಮೇಲೆ ಮತ್ತೆ ಕೇಳುತ್ತೇವೆ.

ಕುರ್ಚಿಯೇ ನಮ್ಮನ್ನು ಹೆಚ್ಚು ಓಡಾಡಿಸಿತು. ಮೊದಲು ತರಿಸಿದ ಮಾದರಿಗೆ ಬಟ್ಟೆಯ ಹೊದಿಕೆಯಿತ್ತು. ಸೋಂಕು ನಿಯಂತ್ರಣ ನೋಡಿಕೊಳ್ಳುವವರು ಬಂದು, ಹೊಲಿಗೆಯ ಸಂದುಗಳಲ್ಲಿ ಬೆರಳಾಡಿಸಿ ನೋಡಿ, ಇದನ್ನು ಒರೆಸಿ ಶುದ್ಧ ಮಾಡಲಾಗದೆಂದು ತಿರಸ್ಕರಿಸಿದರು. ಹೊಲಿಗೆ ಹೊರಗೆ ಕಾಣದ, ಔಷಧದ ನೀರಿನಿಂದ ಒರೆಸಬಹುದಾದ ಹೊದಿಕೆಯದ್ದನ್ನು ಹುಡುಕಿ ತರುವಷ್ಟರಲ್ಲಿ ಐದು ವಾರ ಹೋಯಿತು. ಈಗ ಹನ್ನೊಂದು ಕುರ್ಚಿಗಳು ಸಿದ್ಧವಾಗಿವೆ. ಉಳಿದ ಹಣ ಕೊಳವೆ ಮತ್ತು ಫಿಲ್ಟರುಗಳಿಗೆ ಹೋಯಿತು. ಕುರ್ಚಿಗಳ ಹಿಂಭಾಗದಲ್ಲಿ ದಾನಿಗಳ ಹೆಸರು ಬರೆಸಬೇಕೇ ಎಂದು ಆಸ್ಪತ್ರೆಯವರು ಕೇಳಿದರು. ಕುರ್ಚಿಯ ಸಂಖ್ಯೆಯನ್ನೂ, ರಿಪೇರಿಗೆ ಕರೆಯಬೇಕಾದ ದೂರವಾಣಿ ಸಂಖ್ಯೆಯನ್ನೂ ಬರೆಸಿ ಎಂದೆವು. ಮುಂದಿನ ವಾರ ಸಾಗಿಸುತ್ತೇವೆ. ಅದಕ್ಕೆ ಮುನ್ನ ನೋಡಿಕೊಳ್ಳಬೇಕಾದದ್ದು ಇನ್ನೇನಾದರೂ ಇದೆಯೇ?

ಉತ್ತರ 5: ಶಿಶು ವಿಭಾಗದ ದಾದಿ

ಇದೆ. ಕಾಲಿಗೆ ಚಕ್ರಗಳಿದ್ದರೆ ನಾಲ್ಕಕ್ಕೂ ಬ್ರೇಕ್ ಇದೆಯೇ ನೋಡಿ, ತಾಯಿ ಕೂಸನ್ನು ಹಿಡಿದು ಕೂರುವಾಗ ಕುರ್ಚಿ ಹಿಂದಕ್ಕೆ ಸರಿಯಬಾರದು. ಒರಗುವ ಹಲಗೆಯನ್ನು ಒಂದೇ ಕೈಯಿಂದ ಹಿಂದೆ ಮುಂದೆ ಮಾಡಲು ಬರಬೇಕು, ಏಕೆಂದರೆ ಇನ್ನೊಂದು ಕೈ ಕೂಸಿನ ಬೆನ್ನ ಮೇಲಿರುತ್ತದೆ. ಆಮೇಲೆ ಅಗಲವನ್ನು ಅಳೆದು, ಘಟಕದ ಬಾಗಿಲಿನಲ್ಲಿ ಹೋಗುತ್ತದೆಯೇ ಎಂದು ಒಮ್ಮೆ ಕೇಳಿಕೊಳ್ಳಿ. ನಮ್ಮಲ್ಲಿ ಎರಡು ಕುರ್ಚಿಗಳು ಇನ್ನೂ ಹೊರಗೇ ಇವೆ.